ಮಟ್ಟದ ಸೌಟು

ಹೈಸ್ಕೂಲಿನ ಮಕ್ಕಳು ಅವಳಿಗೆ ಇಟ್ಟಿದ್ದ ಹೆಸರು ತಕ್ಕಡಿಯಮ್ಮ. ಎದುರಿಗೆ ಆಂಟಿ ಎನ್ನುತ್ತಿದ್ದರು, ಬೆನ್ನು ತಿರುಗಿಸಿದರೆ ತಕ್ಕಡಿಯಮ್ಮ. ಅದು ಅವಳ ಕಿವಿಗೂ ಬಿದ್ದಿತ್ತು. ಬೇಸರವಾಗಲಿಲ್ಲ, ಒಳಗೊಳಗೇ ಹೆಮ್ಮೆ ಎನಿಸಿತ್ತು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಸಾಲಾಗಿ ಬಂದು ನಿಂತಾಗ, ದೊಡ್ಡ ಪಾತ್ರೆಯಿಂದ ಅನ್ನ ಎತ್ತಿ, ಸೌಟನ್ನು ಪಾತ್ರೆಯ ಅಂಚಿಗೆ ಒಮ್ಮೆ ಸವರಿ, ಮೇಲೆದ್ದ ಗುಡ್ಡೆಯನ್ನು ಕೆಡವಿ, ಮಟ್ಟ ಮಾಡಿಯೇ ತಟ್ಟೆಗೆ ಸುರಿಯುವುದು ಅವಳ ಕ್ರಮ. ಹೆಡ್‌ಮೇಡಂ ಮಗ ಬಂದು ನಿಂತರೂ ಅಷ್ಟೇ, ಗೇಟು ಕಾಯುವವನ ಮಗಳು ಬಂದು ನಿಂತರೂ ಅಷ್ಟೇ.

ಅವಳಿಗಿಂತ ಮೊದಲು ಆ ಜಾಗದಲ್ಲಿದ್ದ ಹೆಂಗಸು ಹಾಗಿರಲಿಲ್ಲ. ತನ್ನ ತಮ್ಮನ ಮಕ್ಕಳು ಬಂದರೆ ತಳದಿಂದ ಕೆದಕಿ ಗಟ್ಟಿ ಬೇಳೆ ಹಾಕುತ್ತಿದ್ದಳು, ಉಳಿದವರಿಗೆ ಮೇಲಿನ ತಿಳಿನೀರು. ಸುದ್ದಿ ಮನೆಗಳಿಗೆ ಹೋಯಿತು. ಒಂದು ದಿನ ತಾಯಂದಿರು ಗೇಟಿನ ಹತ್ತಿರ ಸೇರಿ, ಬಾಯಿಗೆ ಬಂದಂತೆ ಬೈದು, ಆಕೆ ಹಿಂದಿನ ಬಾಗಿಲಿನಿಂದ ತಲೆ ತಗ್ಗಿಸಿಕೊಂಡು ಹೋಗುವ ಹಾಗೆ ಮಾಡಿದರು. ಆಗ ಪಕ್ಕದ ಚಿಕ್ಕ ಮಕ್ಕಳ ಶಾಲೆಯಲ್ಲಿ ಬಡಿಸುತ್ತಿದ್ದ ಇವಳನ್ನು ಇಲ್ಲಿಗೆ ಕರೆಸಿಕೊಂಡರು. ಬರುವಾಗ ತನ್ನ ಕೈಗೆ ಒಗ್ಗಿದ ಸೌಟನ್ನೂ ತಂದಳು. ಚಿಕ್ಕ ಮಕ್ಕಳ ಸೌಟು ದೊಡ್ಡ ಮಕ್ಕಳಿಗೆ ಸಾಲುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅವಳೂ ಕೇಳಿಕೊಳ್ಳಲಿಲ್ಲ. ಬಂದ ಅಕ್ಕಿ ಬೇಳೆ ಎಲ್ಲರಿಗೂ ಬರಬೇಕು, ಕೊನೆಯ ಮಗುವಿಗೆ ‘ಮುಗಿದುಹೋಯ್ತು’ ಅನ್ನಬಾರದು, ಅವಳ ತಲೆಯಲ್ಲಿದ್ದದ್ದು ಇಷ್ಟೇ.

ಮರುವರ್ಷ ಅವಳ ಮಗಳು ಅದೇ ಹೈಸ್ಕೂಲಿಗೆ ಸೇರಿದಳು.

ಮೊದಲ ದಿನವೇ ಅಡುಗೆಮನೆಯಲ್ಲಿ ತಮಾಷೆ ಶುರುವಾಯಿತು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತ ದೊಡ್ಡ ಅಡುಗೆಯವನು, “ಇನ್ಮೇಲೆ ತಳದ ಬೇಳೆ ಯಾವ ತಟ್ಟೆಗೆ ಹೋಗುತ್ತೆ ಅಂತ ನಾವು ಕೇಳೋ ಹಾಗೇ ಇಲ್ಲ ಬಿಡಿ,” ಎಂದ. ಅವನಿಗೆ ಯಾವಾಗಲೂ ನಾಲಿಗೆ ಉದ್ದ, ಮನಸ್ಸಿನಲ್ಲಿ ಏನೂ ಇರುತ್ತಿರಲಿಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಆ ಮಾತು ಮುಳ್ಳಿನ ಹಾಗೆ ಕಚ್ಚಿಕೊಂಡಿತು. ಗೇಟಿನ ಹತ್ತಿರ ಕೂಗಾಡಿದ ತಾಯಂದಿರಲ್ಲಿ ಅರ್ಧ ಜನ ಅವಳ ಬೀದಿಯವರೇ.

ಅವತ್ತಿನಿಂದ ಒಂದು ಲೆಕ್ಕ ಹುಟ್ಟಿಕೊಂಡಿತು. ಎಲ್ಲರಿಗೂ ಮಟ್ಟ, ಮಗಳಿಗೆ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ. ಬೇಳೆ ಮೇಲಿಂದ, ಆಲೂಗಡ್ಡೆ ಚಿಕ್ಕದನ್ನು ನೋಡಿ. ಹಿಂದೆ ನಿಂತ ಹುಡುಗಿಗೆ ಕಾಣಲಿ ಎಂದು ಸೌಟನ್ನು ಸ್ವಲ್ಪ ಎತ್ತಿ ಹಿಡಿದೇ ಹಾಕುತ್ತಿದ್ದಳು. ಮೊದಲ ವಾರದಲ್ಲೇ ಒಮ್ಮೆ ಮಗಳು ತಟ್ಟೆಯನ್ನು ಅಲ್ಲೇ ಹಿಡಿದು, “ಅಮ್ಮ, ಇನ್ನೊಂಚೂರು…” ಎಂದಳು. ಅವಳು ಕಣ್ಣು ಕೆಕ್ಕರಿಸಿ ನೋಡಿದಳು. ಮಗಳು ಮುಂದೆ ಹೋದಳು.

ಆ ಸಂಜೆ ಮನೆಯಲ್ಲಿ ಕೂರಿಸಿಕೊಂಡು ಬುದ್ಧಿ ಹೇಳಿದಳು.

“ಸ್ಕೂಲಲ್ಲಿ ನಾನು ನಿಮ್ಮಮ್ಮ ಅಲ್ಲ, ಬಡಿಸೋಳು. ಅಲ್ಲಿ ಬಂದು ಅಮ್ಮ ಅಮ್ಮ ಅಂತ ರಾಗ ಎಳೀಬೇಡ.”

“ಹಸಿವಾಯ್ತು, ಕೇಳ್ದೆ.”

“ಬೇರೆ ಯಾರಾದ್ರೂ ಕೇಳ್ತಾರಾ? ನೀನು ಶುರು ಹಚ್ಕೋಬೇಡ. ನಾಲ್ಕು ಜನ ಆಡ್ಕೊಳ್ಳೋ ಹಾಗೆ ಆಗ್ಬಾರ್ದು. ಸಂಜೆ ಮನೇಲಿ ಎಷ್ಟು ಬೇಕೋ ಅಷ್ಟು ತಿನ್ನು, ಯಾರು ಬೇಡ ಅಂದ್ರು?”

ಬೇರೆ ಯಾರೂ ಕೇಳುತ್ತಿರಲಿಲ್ಲ ಎಂಬುದು ನಿಜ. ಅವಳ ಆ ನೋಟ ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮಗಳು ಮತ್ತೆ ಕೇಳಲಿಲ್ಲ. ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಏಕಾಏಕಿ ಎತ್ತರವಾದಳು. ಹೊಲಿಸಿದ ಯೂನಿಫಾರ್ಮು ತಿಂಗಳೊಪ್ಪತ್ತಿನಲ್ಲಿ ಮೊಣಕಾಲಿಗೆ ಬಂತು. ಗೆಳತಿಯರು ‘ಏಣಿ’ ಎಂದು ಕರೆಯತೊಡಗಿದರು. ಬೆಳಗ್ಗೆ ಬೇಗ ಸ್ಕೂಲು. ಚಹಾ, ಎರಡು ತುಂಡು ಬ್ರೆಡ್ಡು ನುಂಗಿ ಓಡುತ್ತಿದ್ದಳು. ಸಂಜೆ ಬಂದವಳು ಚೀಲ ಎಸೆದು ಸೀದಾ ಪಾತ್ರೆಗಳ ಮುಚ್ಚಳ ಎತ್ತುತ್ತಿದ್ದಳು.

“ಇವಳು ಬಂದ್ಳು ಅಂದ್ರೆ ಪಾತ್ರೆ ತಳ ಕಾಣುತ್ತೆ,” ಎಂದು ಅತ್ತೆ ನಗುತ್ತಿದ್ದಳು. ಆಮೇಲೊಮ್ಮೆ ನಗದೆ ಹೇಳಿದಳು: “ಮಧ್ಯಾಹ್ನ ಸರಿಯಾಗಿ ತಿನ್ನುತ್ತಾ ಈ ಮಗು? ಕೈ ನೋಡು, ಬರೀ ಮೂಳೆ. ಬೆಳೆಯೋ ವಯಸ್ಸು ಕಣಮ್ಮ.”

“ಅತ್ತೆ, ಬಡಿಸೋಳು ನಾನೇ. ನಂಗೆ ಗೊತ್ತಿಲ್ವಾ?” ಎಂದು ಅವಳು ಮಾತು ಮುಗಿಸಿದಳು.

ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸದ ಗಂಡ, ಉಗುರಿನ ಸಂದಿಯ ಸುಣ್ಣ ಕೆರೆದುಕೊಳ್ಳುತ್ತ, “ಅಡುಗೆಮನೇಲೇ ಅಮ್ಮ ಇದ್ದಾಳೆ. ಅವಳಿಗೇನು ಕಡಿಮೆ?” ಎಂದ. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ.

ಇದೇ ಸುಮಾರಿಗೆ ಮೇಲಿನ ಕಚೇರಿಯಿಂದ ಕೆಲವರು ಸ್ಕೂಲಿಗೆ ಬಂದರು. ಊಟದ ಹಾಲ್‌ನಲ್ಲಿ ಬೆಂಚುಗಳ ಮಧ್ಯೆ ಓಡಾಡಿದರು, ಕಿಟಕಿಗೆ ಹಿಡಿದ ಆವಿಯನ್ನು ನೋಡಿದರು, ಅಡುಗೆಮನೆ ಚೊಕ್ಕಟವಾಗಿದೆ ಎಂದರು. ಅವರಲ್ಲಿ ಹಿರಿಯರಾದವರೊಬ್ಬರು ನೇರವಾಗಿ ಅವಳ ಹತ್ತಿರ ಬಂದು, “ಏನಮ್ಮ, ದೊಡ್ಡ ಮಕ್ಕಳಿಗೆ ಈ ಊಟದಲ್ಲಿ ಹೊಟ್ಟೆ ತುಂಬುತ್ತಾ? ಕೆಲವು ಕಡೆ ಸಾಲಲ್ಲ ಅಂತಾರೆ. ಬಡಿಸೋರು ನೀವು, ನೀವೇ ಹೇಳಿ,” ಎಂದು ಕೇಳಿದರು. ಕೇಳಿದ ರೀತಿಯಲ್ಲಿ ನಿಜವಾಗಿ ತಿಳಿದುಕೊಳ್ಳುವ ಮನಸ್ಸಿತ್ತು.

ಪಕ್ಕದಲ್ಲಿ ಹೆಡ್‌ಮೇಡಂ ನಿಂತಿದ್ದರು. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಸಾಕಾಗುತ್ತೆ ಸಾರ್. ಚೆನ್ನಾಗೇ ಸಾಕಾಗುತ್ತೆ. ಇದುವರೆಗೂ ಒಂದು ಮಗು ಬಂದು ಇನ್ನೊಂದ್ಸಲ ಹಾಕಿ ಅಂತ ಕೇಳಿಲ್ಲ. ನೋಡಿ, ದಿನಾ ಸ್ವಲ್ಪ ಉಳಿಯುತ್ತೆ ಕೂಡ.”

ಪಾತ್ರೆ ಓರೆ ಮಾಡಿ ಉಳಿದದ್ದನ್ನು ತೋರಿಸಿದಳು. ಅವರು ತಲೆಯಾಡಿಸಿ, ಪಕ್ಕದವನಿಗೆ ಏನೋ ಹೇಳಿ ಮುಂದೆ ಹೋದರು. ಹೋಗುವಾಗ ಹೆಡ್‌ಮೇಡಂ ಅವಳ ಭುಜ ತಟ್ಟಿದರು. ಆ ಉಳಿದದ್ದು ಎಂದಿನಂತೆ ದನ ಸಾಕುವವನ ಬಕೆಟ್ಟಿಗೆ ಹೋಯಿತು.

ಕೆಲವು ವಾರ ಕಳೆದಿರಬೇಕು. ಇನ್ನೊಂದು ಸಾಲಿಗೆ ಬಡಿಸುತ್ತಿದ್ದ ಹುಡುಗಿ, ಎಲ್ಲರ ಬಾಯಲ್ಲೂ ‘ಚಿಕ್ಕಿ’ ಆಗಿದ್ದವಳು, ಪಾತ್ರೆ ಉಜ್ಜುವಾಗ ಮೆಲ್ಲಗೆ ಕೇಳಿದಳು.

“ಅಕ್ಕ, ನಿಮ್ಮ ಮಗಳಿಗೆ ಏನಾದ್ರೂ ಪನಿಶ್ಮೆಂಟ್ ಕೊಟ್ಟಿದ್ದಾರಾ?”

“ಯಾಕೆ?”

“ಸ್ಕೂಲ್ ಬಿಟ್ಟ ಮೇಲೆ ದಿನಾ ಅವಳೇ ಕ್ಲಾಸ್ ಗುಡಿಸ್ತಿರ್ತಾಳೆ. ಎಲ್ಲರಿಗೂ ಸರದಿ ಇರುತ್ತಲ್ಲ? ನಾನು ಹೋಗುವಾಗೆಲ್ಲ ನೋಡ್ತೀನಿ, ಪೊರಕೆ ಅವಳ ಕೈಯಲ್ಲೇ.”

ಅವಳಿಗೆ ಮೈ ಉರಿದುಹೋಯಿತು. ಬಡಿಸುವವಳ ಮಗಳು ಎಂದು ಸದರ ಮಾಡಿಕೊಂಡಿದ್ದಾರೆ ಎನ್ನಿಸಿತು. ಸ್ಟೀಲ್ ನಾರನ್ನು ಅಲ್ಲೇ ಎಸೆದು, ಒದ್ದೆ ಏಪ್ರನ್ನಿನಲ್ಲೇ ಮಹಡಿಯ ಮೆಟ್ಟಿಲು ಹತ್ತಿದಳು. ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಳು: ನನ್ನ ಮಗಳೇನು ನಿಮ್ಮ ಮನೆ ಆಳಾ? ತಾಯಿ ಇಲ್ಲೇ ಕೆಳಗೆ ಇದ್ದಾಳೆ ಅನ್ನೋದು ಗೊತ್ತಿಲ್ವಾ?

ಟೀಚರುಗಳ ಕೋಣೆಯಲ್ಲಿ ಒಂಬತ್ತನೇ ಕ್ಲಾಸಿನ ಟೀಚರ್ ಒಬ್ಬರೇ ಇದ್ದರು. ಇನ್ನೂ ಎಳೆ ವಯಸ್ಸಿನವರು. ಅವಳನ್ನು ನೋಡಿದ ಕೂಡಲೇ ಎದ್ದು ನಿಂತು, “ಒಳ್ಳೇದಾಯ್ತು ಬಂದ್ರಿ. ನಾನೇ ನಿಮ್ಮನ್ನ ಕರೆಸೋಣ ಅಂತಿದ್ದೆ,” ಎಂದರು.

“ಮೇಡಂ, ನನ್ನ ಮಗಳ ಹತ್ರ ದಿನಾ ಕಸ ಗುಡಿಸೋ ಕೆಲಸ ಮಾಡಿಸ್ತಿರೋದು ಯಾರು? ಅವರನ್ನ ಕರೀರಿ. ನಾನೂ ಒಂದು ಮಾತು ಕೇಳ್ತೀನಿ.”

“ನಂಗೂ ಅದೇ ಅನುಮಾನ ಬಂತು. ಯಾರೋ ಹೆದರಿಸಿ ಮಾಡಿಸ್ತಿದ್ದಾರೆ ಅಂದ್ಕೊಂಡೆ. ಅವಳನ್ನ ಕೇಳಿದ್ರೆ ಬಾಯೇ ಬಿಡಲ್ಲ. ಬೇರೆ ಹುಡುಗೀರನ್ನ ಕೇಳ್ದೆ.” ಟೀಚರ್ ಕುರ್ಚಿ ಎಳೆದರು. “ನೀವು ಕೂತ್ಕೊಳ್ಳಿ.”

ಅವಳು ಕೂರಲಿಲ್ಲ. ಟೀಚರ್ ಕಾರಿಡಾರಿನಲ್ಲಿದ್ದ ಒಬ್ಬ ಹುಡುಗಿಯನ್ನು ಕರೆದರು. ದುಂಡು ಮುಖದ ಹುಡುಗಿ. ತಕ್ಕಡಿಯಮ್ಮನ ಸಾಲಿನಲ್ಲೇ ದಿನವೂ ನಿಲ್ಲುವವಳು. ಆಗಲೇ ಅಳುವ ಹಾಗಿದ್ದಳು.

“ನಂಗೆ ಹೇಳಿದ್ದನ್ನೇ ಆಂಟಿಗೂ ಹೇಳು.”

“ನಾವು ಬಲವಂತ ಮಾಡಿಲ್ಲ ಆಂಟಿ. ಅಮ್ಮಾಣೆ ಮಾಡಿಲ್ಲ. ಏಣೀನೇ ಕೇಳಿದ್ದು.”

“ಏನ್ ಕೇಳಿದ್ಲು?”

“ನಿಮ್ಮ ಸರದಿ ನಾನು ಗುಡಿಸ್ತೀನಿ, ನಿಮ್ಮ ಅನ್ನದಲ್ಲಿ ಸ್ವಲ್ಪ ಕೊಡಿ ಅಂತ. ನಂಗೆ ಮಧ್ಯಾಹ್ನ ಅಷ್ಟು ಸೇರಲ್ಲ, ಅದಕ್ಕೇ ಕೊಡ್ತಿದ್ದೆ. ಮೊಟ್ಟೆ ಕೊಟ್ರೆ ಬೆಂಚೂ ಒರೆಸ್ತಾಳೆ. ನಾವು ಬೇಡ ಏಣಿ, ಸುಮ್ನೆ ತಗೋ ಅಂದ್ವಿ. ಸುಮ್ನೆ ತಗೊಳ್ಳಲ್ಲ ಅಂತಾಳೆ. ಸುಮ್ನೆ ತಗೊಂಡ್ರೆ ನಮ್ಮಮ್ಮನ ಹೆಸರು ಕೆಡುತ್ತೆ ಅಂತಾಳೆ.”

ಕಿಟಕಿಯಾಚೆ ಮೈದಾನದಲ್ಲಿ ಯಾರೋ ಸೀಟಿ ಊದುತ್ತಿದ್ದರು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಅವಳ ಬಾಯಿಗೆ ಬರಲಿಲ್ಲ. ಟೀಚರ್ ಹುಡುಗಿಯನ್ನು ಕಳಿಸಿ, ಮೆಲ್ಲಗೆ ಕೇಳಿದರು: “ತಪ್ಪು ತಿಳ್ಕೋಬೇಡಿ. ನೀವೇ ಬಡಿಸ್ತೀರಿ. ಮತ್ತೆ ಅವಳಿಗೆ ಯಾಕೆ ಸಾಲ್ತಿಲ್ಲ?”

“ಗೊತ್ತಿಲ್ಲ ಮೇಡಂ,” ಎಂದಳು. ಹೇಳಿದ ಮೇಲೆ ಆ ಸುಳ್ಳಿಗೆ ತನಗೇ ನಾಚಿಕೆಯಾಗಿ, ಮೆಟ್ಟಿಲ ಕಡೆ ತಿರುಗಿದಳು.

ಕೆಳಗೆ ಬಂದಾಗ ದನ ಸಾಕುವವನು ಬಕೆಟ್ಟು ತೆಗೆದುಕೊಳ್ಳಲು ಬಂದಿದ್ದ. ಅದರಲ್ಲಿ ಆ ದಿನ ಉಳಿದ ಅನ್ನ ಬೆಳ್ಳಗೆ ಬಿದ್ದಿತ್ತು. ಹೆಚ್ಚೇನಲ್ಲ, ಆದರೆ ಒಬ್ಬ ಎತ್ತರದ ಹುಡುಗಿಗೆ ಸಾಕಾಗುವಷ್ಟು ಖಂಡಿತ ಇತ್ತು. “ಏನಕ್ಕ, ಹುಷಾರಿಲ್ವಾ?” ಎಂದು ಅವನು ಕೇಳಿದ. ಅವಳು ಏನಿಲ್ಲವೆಂದು ತಲೆಯಾಡಿಸಿ, ನಾರು ಎತ್ತಿಕೊಂಡು ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದಳು. ಅವಳ ಒಂದು ಹೆಸರಿಗೋಸ್ಕರ ಮಗಳು ಪೊರಕೆ ಹಿಡಿದು ಅನ್ನ ಸಂಪಾದಿಸಿದ್ದಳು. ಕೇಳಿ ತಿನ್ನುವುದನ್ನು ತಾನು ಬಿಡಿಸಿದ್ದಳು. ದುಡಿದು ತಿನ್ನುವುದನ್ನು ಮಗಳೇ ಕಲಿತುಕೊಂಡಳು. ಇದನ್ನು ಅತ್ತೆಗೆ ಹೇಗೆ ಹೇಳುವುದು? ಗಂಡನಿಗೆ?

ಸಂಜೆ ಮನೆಯ ಹಿಂದಿನ ಕಲ್ಲಿನ ಮೇಲೆ ಮಗಳು ಸಾಕ್ಸು ಒಗೆಯುತ್ತಿದ್ದಳು. ಅವಳು ಹೋಗಿ ಪಕ್ಕದಲ್ಲಿ ನಿಂತಳು.

“ಗುಡಿಸೋ ವಿಷಯ ನಂಗೆ ಗೊತ್ತಾಯ್ತು.”

ಮಗಳ ಕೈ ನಿಂತಿತು. “ನಾನು ಕದ್ದಿಲ್ಲ. ಬೇಡ್ಕೊಂಡೂ ಇಲ್ಲ.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ನಲ್ಲ. ಒಂದ್ಸಲ ಹೇಳ್ದೆ.”

“ತಪ್ಪಾಯ್ತು ಕಣೇ. ನಿಂಗೆ ಎಲ್ಲರಿಗಿಂತ ಕಡಿಮೆ ಹಾಕ್ತಿದ್ದೆ. ಬೇಕು ಅಂತ್ಲೇ ಹಾಕ್ತಿದ್ದೆ,” ಎಂದಳು. ಅಷ್ಟು ಹೇಳುವುದಕ್ಕೆ ಗೋಡೆಗೆ ಒರಗಿಕೊಳ್ಳಬೇಕಾಯಿತು.

“ಗೊತ್ತು.”

“ಗೊತ್ತಿತ್ತಾ?”

“ಕ್ಲಾಸಲ್ಲಿ ಎಲ್ರಿಗೂ ಗೊತ್ತು. ಏಣಿ ಹಿಂದೆ ನಿಂತ್ರೆ ಲಾಭ, ಅವಳ ತಟ್ಟೆಗೆ ಬೀಳದೆ ಇದ್ದಿದ್ದು ನಮಗೆ ಬೀಳುತ್ತೆ ಅಂತ ಹುಡುಗ್ರು ತಮಾಷೆ ಮಾಡ್ತಾರೆ.” ಮಗಳು ಸಾಕ್ಸು ಹಿಂಡಿದಳು. ಹಿಂಡಿದ್ದನ್ನೇ ಮತ್ತೆ ಹಿಂಡಿದಳು. “ಹೊಟ್ಟೆ ಹಸಿಯೋದು ಹೇಗೋ ಅಭ್ಯಾಸ ಆಗುತ್ತಮ್ಮ. ನೀನು ಸೌಟು ಎತ್ತಿ ಹಿಂದಿನವರಿಗೆ ತೋರಿಸ್ತೀಯಲ್ಲ, ನೋಡ್ರಪ್ಪ ನನ್ನ ಮಗಳಿಗೆ ಎಷ್ಟು ಕಡಿಮೆ ಅಂತ, ಅದು ಆಗಲ್ಲ. ನಾಳೆಯಿಂದ ನಿನ್ನ ಸಾಲಿಗೆ ಬರಲ್ಲ. ಚಿಕ್ಕಿ ಆಂಟಿ ಹತ್ರ ಹೋಗ್ತೀನಿ.”

“ಇಲ್ಲ, ನಾಳೆ ನಾನೇ ನಿಂಗೆ…”

“ಬೇಡ. ನಾಳೆ ಜಾಸ್ತಿ ಹಾಕಿದ್ರೂ ನಂಗೆ ಬೇಡ.”

ಬಕೆಟ್ಟಿನ ನೀರು ಚೆಲ್ಲಿ ಮಗಳು ಒಳಗೆ ಹೋದಳು.

ಮರುದಿನ ಮಗಳು ಮಾತಿನಂತೆ ಚಿಕ್ಕಿಯ ಸಾಲಿನಲ್ಲಿ ನಿಂತಳು. ಆ ಸಾಲು ಉದ್ದವಿತ್ತು. ಎಲ್ಲರ ತಲೆಗಿಂತ ಮೇಲೆ ಅವಳ ತಲೆ ಕಾಣುತ್ತಿತ್ತು. ಈ ಕಡೆ ತಿರುಗಲೂ ಇಲ್ಲ. ತಕ್ಕಡಿಯಮ್ಮ ಪಾತ್ರೆಗೆ ಸೌಟು ಹಾಕಿದಳು. ಮುಂದೆ ನಿಂತಿದ್ದವನು ಹತ್ತನೇ ಕ್ಲಾಸಿನವನು, ಮೀಸೆ ಚಿಗುರುತ್ತಿದ್ದ ಹುಡುಗ, ಭುಜ ಆಗಲೇ ಗಂಡಸಿನ ಭುಜ. ಇಷ್ಟು ದಿನ ಅವನ ತಟ್ಟೆಯನ್ನಷ್ಟೇ ನೋಡಿದ್ದಳು. ಸೌಟನ್ನು ಅಂಚಿಗೆ ಸವರಲು ಹೋದವಳು ಕೈ ತಡೆದು, ಗುಡ್ಡೆಯನ್ನು ಹಾಗೇ ತಟ್ಟೆಗೆ ಸುರಿದಳು. ಅದರ ಮೇಲೆ ಇನ್ನರ್ಧ ಸೌಟು ಹಾಕಿದಳು.

ಅವನು ಬೆಚ್ಚಿ ನೋಡಿದ. “ಆಂಟಿ, ಇವತ್ತು ಏನು ಸಮಾಚಾರ?”

“ತಕ್ಕಡಿ ಕೆಟ್ಟೋಗಿದೆ ಕಣೋ. ಹೋಗು, ತಿನ್ನು.”

ಸಾಲಿನುದ್ದಕ್ಕೂ ಗುಸುಗುಸು ಹರಡಿತು. ಮಕ್ಕಳ ಮುಖಗಳು ಅರಳಿದವು. ಹಾಕಿದಳು, ಹಾಕಿದಳು. ಒಬ್ಬ ಹುಡುಗ ಬೇಗ ಬೇಗ ತಿಂದು ಮತ್ತೆ ಬಂದು, ಹೆದರುತ್ತಲೇ ತಟ್ಟೆ ಚಾಚಿದ. ಅವನಿಗೂ ಹಾಕಿದಳು. ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಗುಂಪೇ ಬಂತು. ಇವರಿಗೆಲ್ಲ ಇಷ್ಟು ದಿನವೂ ಹಸಿವಿತ್ತು ಎಂದು ಅವಳಿಗೆ ಆಗ ತಿಳಿಯಿತು. ಎದೆಯಲ್ಲಿ ಕಟ್ಟಿಕೊಂಡಿದ್ದೇನೋ ಕೊಂಚ ಸಡಿಲವಾದಂತೆ ಎನಿಸಿ, ಕೈ ಇನ್ನೂ ಧಾರಾಳವಾಯಿತು.

ಸೌಟು ತಳಕ್ಕೆ ತಗುಲಿ ಕರ್ ಎಂದಿತು. ತಲೆ ಎತ್ತಿ ನೋಡಿದರೆ ಎಂಟನೇ ಕ್ಲಾಸಿನ ಮಕ್ಕಳು ಇನ್ನೂ ಸಾಲಿನಲ್ಲಿದ್ದರು. ಎಲ್ಲರಿಗಿಂತ ಚಿಕ್ಕವರು, ಯಾವಾಗಲೂ ಕೊನೆಗೆ ಬರುವವರು. ಖಾಲಿ ತಟ್ಟೆ ಹಿಡಿದು ಅವಳ ಮುಖ ನೋಡುತ್ತಿದ್ದರು. ಚಿಕ್ಕಿ ತನ್ನ ಪಾತ್ರೆಯಲ್ಲಿದ್ದದ್ದನ್ನು ತಂದು ಸುರಿದಳು. ಅದು ಯಾವ ಮೂಲೆಗೂ ಸಾಲಲಿಲ್ಲ. ಉಳಿದವರಿಗೆ ಬೇಯಿಸಿದ ಆಲೂಗಡ್ಡೆಯಷ್ಟೇ ಗತಿಯಾಯಿತು. ಟೀಚರುಗಳು ತಮ್ಮ ಚೀಲದಲ್ಲಿದ್ದ ಬಿಸ್ಕತ್ತು ತಂದು ಹಂಚಿದರು.

“ನಿಮಗೆ ತಲೆ ಕೆಟ್ಟಿದೆಯಾ?” ದೊಡ್ಡ ಅಡುಗೆಯವನು ಒಲೆ ಬಿಟ್ಟು ಓಡಿ ಬಂದ. “ಇಷ್ಟು ವರ್ಷದಲ್ಲಿ ಒಂದು ದಿನ ಹೀಗಾಗಿಲ್ಲ. ಆ ಚಿಕ್ಕ ಮಕ್ಕಳ ಮುಖ ನೋಡಿ!”

ಅವಳು ನೋಡಿದಳು. ಅವರಲ್ಲೊಬ್ಬಳು, ಹಲ್ಲಿಗೆ ತಂತಿ ಹಾಕಿಕೊಂಡವಳು, ಆಲೂಗಡ್ಡೆಯನ್ನು ಚೂರು ಚೂರು ಮಾಡಿ ತಿನ್ನುತ್ತಿದ್ದಳು, ಬೇಗ ಮುಗಿಯಬಾರದು ಎಂಬಂತೆ. ನನ್ನ ತಪ್ಪು ತೊಳೆದುಕೊಳ್ಳಲು ಹೋಗಿ ಈ ಮಕ್ಕಳ ಹೊಟ್ಟೆಯ ಮೇಲೆ ಹೊಡೆದೆ ಎಂದು ಅವಳಿಗೆ ಅನ್ನಿಸಿತು. ಹಾಲ್‌ನ ಆ ತುದಿಯಲ್ಲಿ ಮಗಳು ತನ್ನ ತಟ್ಟೆ ಎತ್ತಿಕೊಂಡು ಬಂದು, ಉಳಿದಿದ್ದ ಅನ್ನವನ್ನು ಆ ಹುಡುಗಿಯ ತಟ್ಟೆಗೆ ಜಾರಿಸಿ, ತಾಯಿಯ ಕಡೆ ನೋಡದೆ ಹೊರಗೆ ಹೋದಳು.

ಹೆಡ್‌ಮೇಡಂ ಕರೆಸಿದರು. ಅವಳು ಅವರ ಮೇಜಿನ ಮುಂದೆ ನಿಂತಳು. ಕೆಲಸ ಹೋಗುತ್ತದೆ ಎಂದುಕೊಂಡೇ ಹೋಗಿದ್ದಳು. ವಿಚಿತ್ರವೆಂದರೆ ಅದಕ್ಕೆ ಭಯವಾಗಲಿಲ್ಲ.

“ಏನಾಯ್ತು ಇವತ್ತು? ನಿಮ್ಮಿಂದ ನಾನು ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.”

“ಮೇಡಂ, ಊಟ ಸಾಲಲ್ಲ.”

“ಇವತ್ತು ಸಾಲಲಿಲ್ಲ. ನೀವು ಹಾಗೆ ಬಡಿಸಿದ್ರೆ ಹೇಗೆ ಸಾಲುತ್ತೆ?”

“ಯಾವತ್ತೂ ಸಾಲ್ತಿರ್ಲಿಲ್ಲ. ಸಾಲೋ ಹಾಗೆ ನಾನು ಮಾಡ್ತಿದ್ದೆ. ಸೌಟು ಚಿಕ್ಕ ಮಕ್ಕಳದ್ದು. ಯಾರಾದ್ರೂ ಕೇಳೋಕೆ ಬಂದ್ರೆ ಗುರ್ ಅಂತಿದ್ದೆ, ಅದಕ್ಕೇ ಯಾರೂ ಕೇಳ್ತಿರ್ಲಿಲ್ಲ. ಕಚೇರಿಯವರು ಬಂದಾಗ ಸಾಕಾಗುತ್ತೆ ಅಂದ್ನಲ್ಲ, ಅದು ಸುಳ್ಳು ಮೇಡಂ. ಸುಳ್ಳು ಅಂತ ಆಗ ನಂಗೂ ಗೊತ್ತಿರ್ಲಿಲ್ಲ. ಗೊತ್ತು ಮಾಡ್ಕೊಳ್ಳೋ ಮನಸ್ಸೂ ಇರ್ಲಿಲ್ಲ.”

ಆಮೇಲೆ ಮಗಳ ವಿಷಯವನ್ನೂ ಹೇಳಿದಳು. ಹೆಡ್‌ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಾನೂ ದಿನಾ ಆ ಹಾಲ್‌ನಲ್ಲಿ ಓಡಾಡ್ತೀನಿ,” ಎಂದರು. “ಗಲಾಟೆ ಇಲ್ಲ, ಅಚ್ಚುಕಟ್ಟಾಗಿದೆ ಅಂತ ಖುಷಿಪಡ್ತಿದ್ದೆ. ಹೋಗಿ, ನಾಳೆ ನಿಮ್ಮ ಹಳೇ ಸೌಟಲ್ಲೇ ನಂಗೂ ಬಡಿಸಿ. ಮನೆಯಿಂದ ಏನೂ ತರಲ್ಲ.”

ಹೇಳಿದಂತೆಯೇ ಮಾಡಿದರು. ಮಕ್ಕಳ ಸಾಲಿನಲ್ಲಿ ನಿಂತು, ಮಟ್ಟದ ಸೌಟಿನ ಅನ್ನ ತಿಂದು, ಕೊನೆಯ ಪೀರಿಯಡ್ಡಿನ ಹೊತ್ತಿಗೆ ಬಿಸ್ಕತ್ತು ಸಿಗುತ್ತದೆಯೇ ಎಂದು ಟೀಚರುಗಳ ಕೋಣೆಗೆ ಬಂದರಂತೆ. ಚಿಕ್ಕಿ ಅದನ್ನು ಹೇಳಿಕೊಂಡು ನಕ್ಕಳು. ತಕ್ಕಡಿಯಮ್ಮನಿಗೆ ನಗು ಬರಲಿಲ್ಲ.

ಮೇಲಿನ ಕಚೇರಿಗೆ ವಿಷಯ ಹೋಯಿತು. ಅಲ್ಲಿಂದ ಮೊದಲು ಬಂದ ಉತ್ತರ, ನಿಮ್ಮ ಶಾಲೆಯಲ್ಲೇ ಸಾಕಾಗುತ್ತದೆ ಎಂದಿದ್ದರಲ್ಲ ಎಂಬುದು. ಹಾಗೆಂದವಳು ತಾನೇ ಎಂದು ಅವಳು ಹೋಗಿ ಹೇಳಬೇಕಾಯಿತು. ಆ ಹಿರಿಯರ ಎದುರಿಗೇ ನಿಂತು ಹೇಳಿದಳು. ಅವರು ಬೈಯಲಿಲ್ಲ. “ನಿಮ್ಮ ಮಾತನ್ನ ನಾನು ಇನ್ನೂ ನಾಲ್ಕು ಕಡೆ ಹೇಳ್ಬಿಟ್ಟೆ ಕಣಮ್ಮ,” ಎಂದರಷ್ಟೆ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಂಡು ಬಸ್ಸು ಹತ್ತಿದಳು. ಎಲ್ಲೆಲ್ಲೋ ಇರುವ, ತಾನು ಕಾಣದ ಹಾಲ್‌ಗಳಲ್ಲಿ ಮಕ್ಕಳು ಖಾಲಿ ತಟ್ಟೆಗಳ ಮುಂದೆ ಕೂತಿರುವ ಹಾಗೆ ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟುತ್ತಿತ್ತು.

ಮನೆಯಲ್ಲಿ ಗಂಡ ಕೇಳಿ ತಿಳಿದು ಒಂದೇ ಮಾತು ಆಡಿದ: “ಜನ ಏನಂತಾರೋ ಅಂತ ಹೆತ್ತ ಮಗಳನ್ನ ಉಪವಾಸ ಕೆಡವಿದ್ಯಾ?” ಆಮೇಲೆ ಕೆಲವು ದಿನ ಅವನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಅತ್ತೆ ಮಾತ್ರ ಬೆಳಗ್ಗೆ ಬೇಗ ಎದ್ದು ಮೊಮ್ಮಗಳಿಗೆ ಡಬ್ಬಿ ಕಟ್ಟತೊಡಗಿದಳು. ಸೊಸೆಗೆ ಏನೂ ಅನ್ನಲಿಲ್ಲ. ಡಬ್ಬಿಯ ಮುಚ್ಚಳ ಹಾಕುವ ಸದ್ದಿನಲ್ಲೇ ಅವಳಿಗೆ ಎಲ್ಲ ಕೇಳಿಸುತ್ತಿತ್ತು.

ರಜೆ ಮುಗಿದು ಸ್ಕೂಲು ಮತ್ತೆ ತೆರೆಯುವ ಹೊತ್ತಿಗೆ ದೊಡ್ಡ ಕ್ಲಾಸುಗಳಿಗೆ ಅಕ್ಕಿ ಬೇಳೆ ಸ್ವಲ್ಪ ಹೆಚ್ಚಿಸಿ ಕಳಿಸಿದರು. ಬೇಕಾದಷ್ಟೇನೂ ಅಲ್ಲ. ಆದರೂ ಹೆಡ್‌ಮೇಡಂ ಗೋಡೆಯ ಪಕ್ಕ ಒಂದು ಮೇಜು ಹಾಕಿಸಿ, ಅದರ ಮೇಲೆ ಅನ್ನದ ಪಾತ್ರೆ ಇಡಿಸಿದರು. ಎಲ್ಲರಿಗೂ ಒಮ್ಮೆ ಬಡಿಸಿದ ಮೇಲೆ ಬೇಕಾದವರು ಎದ್ದು ಹೋಗಿ ತಾವೇ ಹಾಕಿಕೊಳ್ಳಬಹುದು. ಸೌಟೂ ದೊಡ್ಡದು ಬಂತು. ಹತ್ತನೇ ಕ್ಲಾಸಿನ ಹುಡುಗರು ಆ ಮೇಜಿನ ಸುತ್ತ ಇರುವೆ ಮುತ್ತಿದಂತೆ ಮುತ್ತುತ್ತಿದ್ದರು. ದನ ಸಾಕುವವನು ಖಾಲಿ ಬಕೆಟ್ಟು ನೋಡಿ ಗೊಣಗಿ, ಬರುವುದನ್ನೇ ನಿಲ್ಲಿಸಿದ.

ಮಗಳೂ ಆ ಮೇಜಿಗೆ ಹೋಗುತ್ತಿದ್ದಳು. ಮೊದಮೊದಲು, ತಾಯಿ ಪಾತ್ರೆ ತರಲು ಒಳಗೆ ಹೋದಾಗ ಮಾತ್ರ ಏಳುತ್ತಿದ್ದಳು. ಅದು ತಾಯಿಯ ಗಮನಕ್ಕೆ ಬಂತು. ಆಮೇಲೆ, ಎರಡನೇ ಸಲ ಹಾಕಿಕೊಳ್ಳುವ ಹೊತ್ತಾದರೆ, ಏನೂ ಕೆಲಸವಿಲ್ಲದಿದ್ದರೂ ಅಡುಗೆಮನೆಗೆ ಹೋಗಿ ಒಲೆಯ ಹತ್ತಿರ ನಿಲ್ಲುವುದನ್ನು ರೂಢಿ ಮಾಡಿಕೊಂಡಳು. “ಏನು ಬೇಕಿತ್ತು?” ಎಂದು ದೊಡ್ಡ ಅಡುಗೆಯವನು ಕೇಳಿದರೆ, “ಏನಿಲ್ಲ, ಸೆಖೆ,” ಎಂದಳೊಮ್ಮೆ. ಒಲೆಯ ಮುಂದೆ ನಿಂತು ಸೆಖೆ ಅನ್ನುವವಳನ್ನು ಅವನು ಮೇಲಿಂದ ಕೆಳಗೆ ನೋಡಿದ. ಆದರೆ ಅವತ್ತು ಅವನ ಉದ್ದ ನಾಲಿಗೆ ಏನನ್ನೂ ಆಡಲಿಲ್ಲ.

ಒಂದು ಸಂಜೆ ಕೆಲಸ ಮುಗಿಸಿ ಗೇಟು ದಾಟುವಾಗ ಮಗಳು ಅಲ್ಲಿ ಒಬ್ಬಳೇ ನಿಂತಿದ್ದಳು. ಗೆಳತಿಯರು ಹೋಗಿಬಿಟ್ಟಿದ್ದರು. ಇಬ್ಬರೂ ಒಟ್ಟಿಗೆ ನಡೆದರು. ಎರಡು ಬೀದಿ ದಾಟಿ ಬೇಕರಿಯ ಹತ್ತಿರ ಬಂದಾಗ ಒಳಗಿನಿಂದ ಬಿಸಿ ಬನ್ನಿನ ವಾಸನೆ ರಸ್ತೆಗೆ ಬಂತು. ಮಗಳ ಹೆಜ್ಜೆ ನಿಧಾನವಾಯಿತು.

“ಅಮ್ಮ, ಹಸಿವಾಗ್ತಿದೆ.”

ಪಕ್ಕದಲ್ಲಿ ಹೋಗುತ್ತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ತಾಯಿ ಅವಳ ಮುಖ ನೋಡಿದಳು. ಕೆನ್ನೆ ಸ್ವಲ್ಪ ತುಂಬಿಕೊಂಡಿತ್ತು; ಕಣ್ಣ ಕೆಳಗಿನ ಕಪ್ಪು ಇನ್ನೂ ಹೋಗಿರಲಿಲ್ಲ. ಇದನ್ನೆಲ್ಲ ಹೋದ ವರ್ಷವೇ ನೋಡಬಹುದಿತ್ತು.

“ಬಾ,” ಎಂದಳು.

ಬೇಕರಿಯ ಮುಂದಿನ ಕಟ್ಟೆಯ ಮೇಲೆ ಕೂತು ಮಗಳು ಬನ್ನು ತಿಂದಳು. ಅರ್ಧ ಮುರಿದು ತಾಯಿಯ ಕಡೆ ಚಾಚಿದಾಗ, “ನಂಗೆ ಬೇಡ, ನೀನೇ ತಿನ್ನು,” ಎಂದಳು ಅವಳು. “ಸುಮ್ನೆ ತಗೋ,” ಎಂದಳು ಮಗಳು. ಅವಳು ತೆಗೆದುಕೊಂಡು ಬಾಯಿಗಿಟ್ಟಳು.